ಮೂರು ಬಾರಿ ಬರೆದ ಉಪನ್ಯಾಸ

ದತ್ತಿ ಉಪನ್ಯಾಸದ ಸಭೆಯಲ್ಲಿ ಪೆನ್ನು ಹಿಡಿದು ಕೂತವರು ಇಬ್ಬರೋ ಮೂವರೋ ಇದ್ದೇ ಇರುತ್ತಾರೆ. ಆಹ್ವಾನ ಪತ್ರಿಕೆಯ ಬೆನ್ನ ಮೇಲೆ, ಡೈರಿಯ ಖಾಲಿ ಹಾಳೆಯಲ್ಲಿ, ಈಚೆಗೆ ಮೊಬೈಲಿನಲ್ಲಿ ಅಲ್ಲೊಂದು ಇಲ್ಲೊಂದು ಮಾತು ಗುರುತು ಹಾಕಿಕೊಳ್ಳುತ್ತಾರೆ. ಸಭೆ ಮುಗಿದು ಮನೆಗೆ ಹೋದ ಮೇಲೆ ಆ ಬರಹಕ್ಕೆ ಏನಾಗುತ್ತದೆ? ಈ ಉಪನ್ಯಾಸದ ವಿಷಯ ಅದೇ. ಕಲಿಕೆಯ ಮಟ್ಟಿಗೆ ಟಿಪ್ಪಣಿಯ ಹಣೆಬರಹ ನಿರ್ಧಾರವಾಗುವುದು ಸಭಾಂಗಣದಿಂದ ಹೊರಬಿದ್ದ ನಂತರವೇ.

ಇನ್ನೂರು ವರ್ಷಗಳ ಹಿಂದೆ ಲಂಡನ್ನಿನಲ್ಲಿ ಹೀಗೆ ಬರೆದುಕೊಂಡ ಹುಡುಗನೊಬ್ಬ ತಾನು ಬರೆದುಕೊಂಡ ಕ್ರಮವನ್ನೂ ವಿವರವಾಗಿ ದಾಖಲಿಸಿಟ್ಟಿದ್ದಾನೆ. ಮೈಕೆಲ್ ಫ್ಯಾರಡೆ ಹುಟ್ಟಿದ್ದು 1791ರಲ್ಲಿ, ಕಮ್ಮಾರನ ಮಗನಾಗಿ. ಓದು, ಬರಹ, ಒಂದಿಷ್ಟು ಲೆಕ್ಕ ಬಿಟ್ಟರೆ ಶಾಲೆಯಲ್ಲಿ ದಕ್ಕಿದ್ದು ಹೆಚ್ಚೇನೂ ಇಲ್ಲ. ಹದಿನಾಲ್ಕನೆಯ ವಯಸ್ಸಿಗೆ ಜಾರ್ಜ್ ರೀಬೊ ಎಂಬುವರ ಅಂಗಡಿಯಲ್ಲಿ ಪುಸ್ತಕಕ್ಕೆ ರಟ್ಟು ಕಟ್ಟುವ ಕಸುಬು ಕಲಿಯಲು ಸೇರಿದ. ಕರಾರು ಏಳು ವರ್ಷದ್ದು. ರಟ್ಟು ಹಾಕಿಸಲು ಬಂದ ಪುಸ್ತಕಗಳನ್ನು ಹುಡುಗ ಬಿಡುವಿನಲ್ಲಿ ಓದಿದರೆ ಯಜಮಾನರ ತಕರಾರಿರಲಿಲ್ಲ. ಹಾಗೆ ಓದಿದವುಗಳಲ್ಲಿ ಐಸಾಕ್ ವಾಟ್ಸ್ ಎಂಬ ಪಾದ್ರಿ ಬರೆದ ‘ದಿ ಇಂಪ್ರೂವ್‌ಮೆಂಟ್ ಆಫ್ ದಿ ಮೈಂಡ್’ ಒಂದು. ಓದಿದ್ದನ್ನೂ ಕೇಳಿದ್ದನ್ನೂ ಬರೆದಿಡಬೇಕು, ಉಪನ್ಯಾಸಗಳಿಗೆ ಹೋಗಬೇಕು, ಗೆಳೆಯರೊಡನೆ ಪತ್ರಗಳಲ್ಲಿ ಚರ್ಚಿಸಬೇಕು ಎಂಬ ಅದರ ಸಲಹೆಗಳನ್ನು ಫ್ಯಾರಡೆ ಚಾಚೂ ತಪ್ಪದೆ ಪಾಲಿಸಿದ.

1810ರ ಫೆಬ್ರವರಿಯಿಂದ ಅವನು ಜಾನ್ ಟೇಟಮ್ ಎಂಬ ಬೆಳ್ಳಿಕೆಲಸದವರ ಮನೆಯಲ್ಲಿ ಸಂಜೆ ಹೊತ್ತು ನಡೆಯುತ್ತಿದ್ದ ವಿಜ್ಞಾನದ ಉಪನ್ಯಾಸಗಳಿಗೆ ಹೋಗತೊಡಗಿದ. ಒಂದು ಉಪನ್ಯಾಸಕ್ಕೆ ಒಂದು ಶಿಲ್ಲಿಂಗ್. ಆ ಹಣ ಕೊಟ್ಟವನು ಅಣ್ಣ ರಾಬರ್ಟ್. ಅಲ್ಲಿ ಅವನು ಅನುಸರಿಸಿದ ಕ್ರಮವನ್ನು ಇಂದಿನ ಯಾವ ಶಿಕ್ಷಕರಾದರೂ ತರಗತಿಯಲ್ಲಿ ಮೊದಲ ದಿನವೇ ಹೇಳಿಕೊಡಬಹುದು.

ನಡುವೆ ದಾರ ಹಾಕಿ ಹೊಲಿದ ಒಂದೆರಡು ಹಾಳೆ ಹಿಡಿದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಮುಖ್ಯ ಪದ, ಚಿಕ್ಕದಾದರೂ ತೂಕದ ವಾಕ್ಯ, ಪ್ರಯೋಗದ ಹೆಸರು, ಅದರಲ್ಲಿ ಬಳಸಿದ ವಸ್ತು, ಇಷ್ಟನ್ನೇ ಗುರುತು ಹಾಕಿಕೊಳ್ಳುತ್ತಿದ್ದ. ಉಪನ್ಯಾಸ ಮುಗಿದೊಡನೆ ನೆಟ್ಟಗೆ ಮನೆಗೆ ಬಂದು ಆ ಗುರುತುಗಳಿಂದ ಎರಡನೆಯ ಟಿಪ್ಪಣಿ ತಯಾರಿಸುತ್ತಿದ್ದ. ಇದು ಮೊದಲಿನದಕ್ಕಿಂತ ವಿಸ್ತಾರವಾಗಿ, ಒಂದಕ್ಕೊಂದು ಕೊಂಡಿ ಹಾಕಿಕೊಂಡು, ಓದುವಂಥ ಅಕ್ಷರದಲ್ಲಿ ಇರುತ್ತಿತ್ತು. ಆಮೇಲೆ ಈ ಎರಡನೆಯದನ್ನು ಮುಂದಿಟ್ಟುಕೊಂಡು ಇಡೀ ಉಪನ್ಯಾಸವನ್ನು ನೆನಪಿನಿಂದ ಬರೆಯುತ್ತಿದ್ದ. ಟೇಟಮ್ ಆಡಿದ ಮಾತು ಆಡಿದಂತೆಯೇ ಬರಲು ಸಾಧ್ಯವಿರಲಿಲ್ಲ, ವಾಕ್ಯಗಳನ್ನು ತಾನೇ ಕಟ್ಟಬೇಕಾಗುತ್ತಿತ್ತು. ಇದನ್ನು ಅವನೇ ಹೇಳಿಕೊಂಡಿದ್ದಾನೆ. ಉಪಕರಣಗಳ ಚಿತ್ರ ಬಿಡಿಸಲು ಬಾರದೆ ಕಷ್ಟವಾದಾಗ, ರೀಬೊ ಅವರ ಮನೆಯಲ್ಲಿ ಬಾಡಿಗೆಗಿದ್ದ ಫ್ರೆಂಚ್ ಚಿತ್ರಕಾರರೊಬ್ಬರ ಬಳಿ ರೇಖಾಚಿತ್ರವನ್ನೂ ಕಲಿತ. ಕಡೆಗೆ ಆ ಉಪನ್ಯಾಸಗಳೆಲ್ಲ ನಾಲ್ಕು ಸಂಪುಟಗಳಾದವು. ರಟ್ಟು ಕಟ್ಟುವ ಕಸುಬಂತೂ ಕೈಯಲ್ಲೇ ಇತ್ತು.

1812ರ ವಸಂತದಲ್ಲಿ ಅಂಗಡಿಯ ಗಿರಾಕಿಯೊಬ್ಬರು ಕೊಟ್ಟ ಟಿಕೆಟ್ಟಿನಿಂದ ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ರಸಾಯನವಿಜ್ಞಾನಿ ಹಂಫ್ರಿ ಡೇವಿಯವರ ನಾಲ್ಕು ಉಪನ್ಯಾಸ ಕೇಳುವ ಅವಕಾಶ ಸಿಕ್ಕಿತು. ಮತ್ತೆ ಅದೇ ಕ್ರಮ. ನಾಲ್ಕು ಉಪನ್ಯಾಸ ಮುನ್ನೂರಕ್ಕೂ ಹೆಚ್ಚು ಪುಟಗಳ ಪುಸ್ತಕವಾಯಿತು. ಅದಕ್ಕೆ ಚಿತ್ರಗಳಿದ್ದವು, ವಿಷಯಸೂಚಿಯೂ ಇತ್ತು. ಆ ವರ್ಷದ ಕೊನೆಯಲ್ಲಿ ಕೆಲಸ ಕೇಳಿ ಡೇವಿಗೆ ಪತ್ರ ಬರೆದಾಗ ಅರ್ಹತೆಯ ಸಾಕ್ಷಿಯಾಗಿ ಇದನ್ನೇ ಜೊತೆಗೆ ಕಳಿಸಿದ. ಡಿಸೆಂಬರ್ 24ರಂದು ಡೇವಿಯ ಉತ್ತರ ಬಂತು. 1813ರ ಮಾರ್ಚ್ 1ರಂದು ಫ್ಯಾರಡೆ ಪ್ರಯೋಗಾಲಯದ ಸಹಾಯಕನಾಗಿ ನೇಮಕಗೊಂಡ. ಈ ಪ್ರಸಂಗವನ್ನು ಬಡ ಹುಡುಗನ ಅದೃಷ್ಟದ ಕತೆಯಾಗಿ ಹೇಳುವುದು ವಾಡಿಕೆ. ಅದೃಷ್ಟದ ಪಾಲು ಇತ್ತು ನಿಜ. ಆದರೆ ಡೇವಿಯ ಮೇಜಿನ ಮೇಲೆ ಬಂದು ಬಿದ್ದ ಆ ಪುಸ್ತಕ, ಕೇಳಿದ್ದನ್ನು ತನ್ನದಾಗಿಸಿಕೊಂಡ ಒಂದು ಮನಸ್ಸಿನ ದಾಖಲೆ. ಸಹಾಯಕನಲ್ಲಿ ಡೇವಿಗೆ ಬೇಕಿದ್ದದ್ದು ಅಂಥ ಮನಸ್ಸು.

ಸಭೆಯಲ್ಲಿ ಹಾಕಿದ ಗುರುತು, ಮನೆಯಲ್ಲಿ ವಿಸ್ತರಿಸಿದ ಟಿಪ್ಪಣಿ, ನೆನಪಿನಿಂದ ಬರೆದ ಉಪನ್ಯಾಸ, ಈ ಮೂರು ಹಂತಗಳಲ್ಲಿ ಕಲಿಕೆ ನಡೆದದ್ದು ಎಲ್ಲಿ? ಮೊದಲ ಹಂತದಲ್ಲಿ ಎಂದೇ ಬಹುಪಾಲು ಜನರ ನಂಬಿಕೆ. ಎಷ್ಟು ಬೇಗ, ಎಷ್ಟು ಪೂರ್ತಿಯಾಗಿ ಬರೆದುಕೊಂಡರೆ ಅಷ್ಟು ಒಳ್ಳೆಯದೆಂದು ವಿದ್ಯಾರ್ಥಿಗಳು ಓಡೋಡಿ ಬರೆಯುತ್ತಾರೆ. ಮನೋವಿಜ್ಞಾನದ ಪ್ರಯೋಗಗಳು ಬೇರೆಯದನ್ನೇ ಹೇಳುತ್ತವೆ.

ಮರೆವನ್ನು ಮೊದಲು ಅಳೆದವರು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್. ಅರ್ಥವಿಲ್ಲದ ಉಚ್ಚಾರಗಳ ಪಟ್ಟಿಗಳನ್ನು ತಾವೇ ಬಾಯಿಪಾಠ ಮಾಡಿ, ಸ್ವಲ್ಪ ಕಾಲ ಬಿಟ್ಟು ಅವನ್ನೇ ಮತ್ತೆ ಕಲಿಯಲು ಎಷ್ಟು ಶ್ರಮ ಉಳಿಯುತ್ತದೆಂದು ಲೆಕ್ಕ ಇಟ್ಟರು. 1885ರಲ್ಲಿ ಪ್ರಕಟವಾದ ಅವರ ಅಂಕಿಗಳ ಪ್ರಕಾರ ಸುಮಾರು ಇಪ್ಪತ್ತು ನಿಮಿಷದ ನಂತರ ಶೇ. 58ರಷ್ಟು, ಒಂದು ಗಂಟೆಯ ನಂತರ ಶೇ. 44ರಷ್ಟು, ಒಂದು ದಿನದ ನಂತರ ಶೇ. 34ರಷ್ಟು ಶ್ರಮ ಉಳಿತಾಯವಾಗುತ್ತಿತ್ತು. ತಿಂಗಳಾದ ಮೇಲೆ ಅದು ಶೇ. 21. ಅರ್ಥವಿಲ್ಲದ ಉಚ್ಚಾರಕ್ಕೂ ಅರ್ಥವುಳ್ಳ ಪಾಠಕ್ಕೂ ವ್ಯತ್ಯಾಸವಿದೆ. ಪಾಠ ಇಷ್ಟು ಬೇಗ ಅಳಿಸಿಹೋಗುವುದಿಲ್ಲ. ಆದರೂ ನಷ್ಟದ ದೊಡ್ಡ ಪಾಲು ಮೊದಲ ಕೆಲವು ಗಂಟೆಗಳಲ್ಲೇ ಆಗುತ್ತದೆ ಎಂಬುದು ಮುಖ್ಯ. ಉಪನ್ಯಾಸ ಮುಗಿದೊಡನೆ ನೆಟ್ಟಗೆ ಮನೆಗೆ ಹೋಗಿ ಕೂರುತ್ತಿದ್ದ ಫ್ಯಾರಡೆಗೆ ಈ ಅಂಕಿಗಳ ಗಂಧಗಾಳಿ ಇರಲಿಲ್ಲ. ತನ್ನ ನೆನಪಿನ ಶಕ್ತಿ ದುರ್ಬಲ ಎಂಬ ಅರಿವು ಮಾತ್ರ ಇತ್ತು. ಅದನ್ನು ಅವನು ಬದುಕಿನುದ್ದಕ್ಕೂ ಹೇಳಿಕೊಂಡಿದ್ದಾನೆ.

ನೆನಪಿನಿಂದ ಬರೆಯುವ ಮೂರನೆಯ ಹಂತದ ಮಹತ್ವ ಸ್ಪಷ್ಟವಾದದ್ದು ತೀರ ಈಚೆಗೆ. 2006ರಲ್ಲಿ ಅಮೆರಿಕದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಗುಂಪು ಒಂದು ಅವಧಿ ಮಾತ್ರ ಓದಿ, ಉಳಿದ ಮೂರು ಅವಧಿ ಪುಸ್ತಕ ಮುಚ್ಚಿಟ್ಟು ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಗೆದ್ದವರು ಓದಿದವರು. ಅವರಿಗೆ ಶೇ. 83 ನೆನಪಿತ್ತು, ಬರೆದವರಿಗೆ ಶೇ. 71. ವಾರದ ನಂತರ ತಕ್ಕಡಿ ತಿರುಗಿತು. ಬರೆದವರಲ್ಲಿ ಶೇ. 61 ಉಳಿದಿತ್ತು, ಓದಿದವರಲ್ಲಿ ಶೇ. 40. ನಾಲ್ಕು ಅವಧಿ ಓದಿದವರೇ ತಮಗೆ ಹೆಚ್ಚು ನೆನಪಿರುತ್ತದೆಂದು ಹೆಚ್ಚು ಭರವಸೆಯಿಂದ ಹೇಳಿದ್ದರು. ಪರೀಕ್ಷೆಯ ಹಿಂದಿನ ರಾತ್ರಿ ಎಲ್ಲವೂ ತಲೆಯಲ್ಲಿದೆ ಅನ್ನಿಸಿ, ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಎಲ್ಲ ಮಾಯವಾಗುವ ಅನುಭವದ ಗುಟ್ಟು ಇಲ್ಲಿದೆ. ಮತ್ತೆ ಮತ್ತೆ ಓದಿದ ಪುಟ ಪರಿಚಿತವಾಗುತ್ತದೆ. ಪರಿಚಯವನ್ನೇ ತಿಳಿವಳಿಕೆ ಎಂದು ಮನಸ್ಸು ನಂಬಿಬಿಡುತ್ತದೆ.

2013ರಲ್ಲಿ ಜಾನ್ ಡನ್ಲಾಸ್ಕಿ ಮತ್ತು ಸಂಗಡಿಗರು ಓದಿನ ಹತ್ತು ವಿಧಾನಗಳ ಮೇಲೆ ಅಲ್ಲಿಯವರೆಗೆ ನಡೆದ ಸಂಶೋಧನೆಗಳನ್ನು ಒಟ್ಟಿಗೆ ತೂಗಿ ನೋಡಿದರು. ಗೆರೆ ಎಳೆಯುವುದು, ಬಣ್ಣ ಹಚ್ಚುವುದು, ಮತ್ತೆ ಮತ್ತೆ ಓದುವುದು, ಇವೆಲ್ಲ ಕಡಿಮೆ ಉಪಯೋಗದ ಸಾಲಿನಲ್ಲಿ ನಿಂತವು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವುದು, ಓದನ್ನು ದಿನಗಳ ಅಂತರದಲ್ಲಿ ಹಂಚಿಕೊಳ್ಳುವುದು, ಇವೆರಡು ಮೇಲಿನ ಸಾಲಿನಲ್ಲಿ.

ಈಗ ಧಾರವಾಡದ ಸಪ್ತಾಪುರಕ್ಕೋ ಬೆಂಗಳೂರಿನ ವಿಜಯನಗರಕ್ಕೋ ಬರೋಣ. ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳು, ಅವುಗಳ ಸುತ್ತ ಪಿಜಿಗಳು, ತಡರಾತ್ರಿಯವರೆಗೆ ದೀಪ ಉರಿಯುವ ಓದುವ ಕೊಠಡಿಗಳು. ಜೆರಾಕ್ಸ್ ಅಂಗಡಿಗಳಲ್ಲಿ ಸ್ಪೈರಲ್ ಬೈಂಡಿಂಗ್ ಮಾಡಿದ ನೋಟ್ಸ್ ಸಾಲಾಗಿ ನಿಂತಿರುತ್ತವೆ. ರ‍್ಯಾಂಕ್ ಬಂದವರ ಕೈಬರಹದ ಪ್ರತಿಗೆ ಬೇಡಿಕೆ ಹೆಚ್ಚು. ಅದಷ್ಟೂ ಪಿಡಿಎಫ್ ಆಗಿ ಟೆಲಿಗ್ರಾಂ ಗುಂಪುಗಳಲ್ಲಿಯೂ ಓಡಾಡುತ್ತದೆ. ಹಳ್ಳಿಯಿಂದ ಬಂದು, ಮನೆಯವರು ಸಾಲ ಮಾಡಿ ಕಳಿಸಿದ ಹಣದಲ್ಲಿ ಆ ನೋಟ್ಸ್ ಕೊಳ್ಳುವ ಹುಡುಗ ಹುಡುಗಿಯರ ಶ್ರಮ ದೊಡ್ಡದು. ಆದರೆ ರ‍್ಯಾಂಕ್ ಬಂದವರಿಗೆ ಆ ಪುಟಗಳಿಂದ ಪ್ರಯೋಜನವಾದದ್ದು ಅವನ್ನು ತಯಾರಿಸುವಾಗ. ಯಾವುದನ್ನು ಬಿಡಬೇಕು, ಯಾವುದಕ್ಕೆ ಯಾವುದು ಕಾರಣ ಎಂದು ಯೋಚಿಸಿದ ಆ ಹೊತ್ತು ಪ್ರತಿಯ ಜೊತೆಗೆ ಕೊಂಡವರಿಗೆ ಬರುವುದಿಲ್ಲ. ಕಾಲೇಜುಗಳಲ್ಲಿ ಇಂದಿಗೂ ನಡೆಯುವ ‘ನೋಟ್ಸ್ ಬರೆಸುವ’ ಪದ್ಧತಿಯ ತೊಡಕೂ ಇದೇ. ಮೇಷ್ಟ್ರು ಹೇಳುತ್ತಾರೆ, ಅರವತ್ತು ಕೈಗಳು ಒಟ್ಟಿಗೆ ಬರೆಯುತ್ತವೆ, ಅರವತ್ತು ಪುಸ್ತಕಗಳಲ್ಲೂ ಒಂದೇ ವಾಕ್ಯ. ಪಠ್ಯ ಮುಗಿಸುವ ಒತ್ತಡ, ಕೊಠಡಿಗೆ ಮೀರಿದ ಸಂಖ್ಯೆ ಎಲ್ಲವೂ ನಿಜ. ಅದಕ್ಕಾಗಿ ಮೇಷ್ಟ್ರನ್ನು ದೂರುವುದು ಅನ್ಯಾಯ. ಬರೆಸುವ ಆ ನಲವತ್ತು ನಿಮಿಷದಲ್ಲಿ ಕೊನೆಯ ಹತ್ತನ್ನು ಬೇರೆ ರೀತಿ ಬಳಸಲು ಸಾಧ್ಯವೇ ಎಂದು ಕೇಳುವುದು ಮಾತ್ರ ನ್ಯಾಯ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ಅವರು ರೂಪಿಸಿ, 1962ರ ತಮ್ಮ ಪುಸ್ತಕದ ಮೂಲಕ ಹರಡಿದ ಪುಟವಿನ್ಯಾಸ, ತರಗತಿಯ ಟಿಪ್ಪಣಿಯನ್ನು ಮನೆಯಲ್ಲಿ ತನ್ನದಾಗಿಸಿಕೊಳ್ಳುವುದಕ್ಕೆ ಹೇಳಿ ಮಾಡಿಸಿದಂತಿದೆ. ಹಾಳೆಯ ಎಡಗಡೆ ಎರಡೂವರೆ ಇಂಚು ಬಿಟ್ಟು ಉದ್ದಕ್ಕೆ ಗೆರೆ. ಬಲಗಡೆಯ ಅಗಲ ಜಾಗದಲ್ಲಿ ತರಗತಿಯ ಟಿಪ್ಪಣಿ. ಕೆಳಗೆ ಎರಡು ಇಂಚು ಸಾರಾಂಶಕ್ಕೆ. ಎಡಗಡೆಯ ಪಟ್ಟಿಯನ್ನು ತರಗತಿಯಲ್ಲಿ ಮುಟ್ಟುವಂತಿಲ್ಲ. ಅಂದೇ ಸಂಜೆ ಕೂತು ಅಲ್ಲಿ ಪ್ರಶ್ನೆಗಳನ್ನು ಬರೆಯಬೇಕು.

ಶ್ರೀರಂಗಪಟ್ಟಣದ ಒಪ್ಪಂದದ ಪಾಠವನ್ನೇ ತೆಗೆದುಕೊಳ್ಳಬಹುದು. ಬಲಗಡೆ ಬರುವುದು ಇಷ್ಟು: 1792, ಮೂರನೆಯ ಮೈಸೂರು ಯುದ್ಧದ ಕೊನೆ, ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ದಂಡ, ಇಬ್ಬರು ಗಂಡುಮಕ್ಕಳು ಕಾರ್ನ್‌ವಾಲಿಸ್ ಬಳಿ ಒತ್ತೆ, ಮಲಬಾರ್, ಕೊಡಗು, ಬಾರಾಮಹಲ್, ದಿಂಡಿಗಲ್ ಕಂಪನಿಗೆ, ಉಳಿದ ಪಾಲು ಮರಾಠರಿಗೆ, ನಿಜಾಮನಿಗೆ. ಇದನ್ನು ಹತ್ತು ಸಲ ಓದಿದರೂ ಪಟ್ಟಿ ಪಟ್ಟಿಯಾಗಿಯೇ ಉಳಿಯುತ್ತದೆ. ಸಂಜೆ ಎಡಗಡೆ ಮೂರು ಪ್ರಶ್ನೆ ಬರೆದು ನೋಡಲಿ. ಮಕ್ಕಳನ್ನು ಒತ್ತೆ ಇಟ್ಟುಕೊಂಡದ್ದು ಯಾಕೆ? ಕಂಪನಿ ಆರಿಸಿಕೊಂಡ ಪ್ರದೇಶಗಳು ನಕ್ಷೆಯಲ್ಲಿ ಎಲ್ಲಿವೆ, ಅವು ಕೈಬಿಟ್ಟ ಮೇಲೆ ಮೈಸೂರಿಗೆ ಸಮುದ್ರದ ದಾರಿ ಎಷ್ಟು ಉಳಿಯಿತು? ಗೆದ್ದವರು ಮೂವರಾಗಿದ್ದದ್ದು ಹಂಚಿಕೆಯ ಮೇಲೆ ಏನು ಪರಿಣಾಮ ಮಾಡಿತು? ಬಲಗಡೆಯನ್ನು ಹಾಳೆಯಿಂದ ಮುಚ್ಚಿ ಇವುಗಳಿಗೆ ಬಾಯಲ್ಲಿ ಉತ್ತರ ಹೇಳಲು ಹೊರಟರೆ, ದಂಡ ಪೂರ್ತಿ ಸಲ್ಲುವವರೆಗಿನ ಭದ್ರತೆಗೆ ಮಕ್ಕಳು ಎಂಬುದು ಹೊಳೆದು, ಆ ಮೊತ್ತವೂ ಮಕ್ಕಳ ಸಂಗತಿಯೂ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಮಲಬಾರ್ ಅಂದೊಡನೆ ಕರಾವಳಿ ಕಣ್ಣಿಗೆ ಬರುತ್ತದೆ. ತಡವರಿಸಿದ ಕಡೆ ಪೆನ್ಸಿಲಿನಿಂದ ಒಂದು ಗುರುತು. ಮೂರು ದಿನ ಬಿಟ್ಟು ಮತ್ತೆ ಗುರುತಿನ ಕಡೆಗೇ ಮೊದಲು ಬರಬೇಕು.

ಕೈಬರಹವೋ ಕೀಲಿಮಣೆಯೋ ಎಂಬ ಚರ್ಚೆಯ ಬಗ್ಗೆ ಒಂದು ಮಾತು. 2014ರಲ್ಲಿ ಪಾಮ್ ಮುಲ್ಲರ್ ಮತ್ತು ಡೇನಿಯಲ್ ಓಪನ್‌ಹೈಮರ್ ಪ್ರಕಟಿಸಿದ ಪ್ರಯೋಗದಲ್ಲಿ, ಲ್ಯಾಪ್‌ಟಾಪಿನಲ್ಲಿ ಬರೆದುಕೊಂಡವರು ಉಪನ್ಯಾಸಕರ ಮಾತನ್ನು ಹೆಚ್ಚಾಗಿ ಯಥಾವತ್ತು ಇಳಿಸಿಕೊಂಡಿದ್ದರು. ವಿಚಾರ ಕೆದಕುವ ಪ್ರಶ್ನೆಗಳಲ್ಲಿ ಹಿಂದೆ ಬಿದ್ದರು. ಸುದ್ದಿ ಲೋಕವೆಲ್ಲ ಹಬ್ಬಿತು. 2021ರಲ್ಲಿ ಬೇರೊಂದು ತಂಡ ಅದೇ ಪ್ರಯೋಗವನ್ನು ಮತ್ತೆ ಮಾಡಿದಾಗ, ಯಥಾವತ್ತು ಬರೆದುಕೊಳ್ಳುವ ಚಾಳಿ ಹಾಗೆಯೇ ಕಂಡಿತು, ಅಂಕಗಳಲ್ಲಿನ ವ್ಯತ್ಯಾಸ ಮಾತ್ರ ಖಚಿತವಾಗಿ ಕಾಣಲಿಲ್ಲ. ಪೆನ್ನಿಗೆ ಮಾಂತ್ರಿಕ ಶಕ್ತಿಯಿದೆ ಎಂದು ಹೇಳುವುದಕ್ಕೆ ಆಧಾರ ಸಾಲದು. ಕೈ ನಿಧಾನವಾದ್ದರಿಂದ ಮನಸ್ಸು ಆರಿಸಿಕೊಳ್ಳಬೇಕಾಗುತ್ತದೆ ಎಂಬಷ್ಟು ಒಪ್ಪಬಹುದು. ಲ್ಯಾಪ್‌ಟಾಪಿನಲ್ಲಿ ಬರೆದವರೂ ಸಂಜೆ ಅದನ್ನು ಮುಚ್ಚಿಟ್ಟು ನೆನಪಿನಿಂದ ಬರೆದರೆ ಫಲ ಸಿಕ್ಕೀತು.

ಟಿಪ್ಪಣಿಯ ಇನ್ನೊಂದು ಮುಖ, ವರ್ಷಗಳ ನಂತರ ಬೇಕಾದಾಗ ಸಿಗುವುದು. ಇಲ್ಲಿಯೂ ಫ್ಯಾರಡೆಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. 1822ರಲ್ಲಿ ಅವನು, ಮುಂದೆ ಮಾಡಬೇಕಾದ ಕೆಲಸಗಳಿಗೆಂದೇ ಒಂದು ಪುಸ್ತಕ ಇಟ್ಟ. ಪ್ರಶ್ನೆ, ಊಹೆ, ಸುಳಿವುಗಳನ್ನು ಅದರಲ್ಲಿ ಬರೆಯುತ್ತಿದ್ದ. ಕಾಂತತ್ವದಿಂದ ವಿದ್ಯುತ್ತನ್ನು ಪಡೆಯಬೇಕು ಎಂಬುದು ಅದರಲ್ಲಿನ ಒಂದು ಸಾಲು. ಅದು ಕೈಗೂಡಿದ್ದು 1831ರ ಆಗಸ್ಟ್ 29ರಂದು, ಕಬ್ಬಿಣದ ಬಳೆಯ ಎರಡು ಬದಿಗೆ ತಂತಿ ಸುತ್ತಿದ ಪ್ರಯೋಗದಲ್ಲಿ. ಮರುವರ್ಷದಿಂದ ಪ್ರಯೋಗಾಲಯದ ದಿನಚರಿಯ ಪ್ರತಿ ಪ್ಯಾರಾಕ್ಕೂ ಕ್ರಮಸಂಖ್ಯೆ ಹಾಕತೊಡಗಿದ. ಆ ಸಂಖ್ಯೆ 1860ರ ಹೊತ್ತಿಗೆ 16041ಕ್ಕೆ ಬಂತು. ಸಂಖ್ಯೆ ಇದ್ದುದರಿಂದ ಇಂದಿನ ಪ್ರಯೋಗದ ಕೆಳಗೆ ಹತ್ತು ವರ್ಷ ಹಿಂದಿನ ಪ್ರಯೋಗವನ್ನು ಒಂದೇ ಅಂಕಿಯಲ್ಲಿ ಸೂಚಿಸಬಹುದಿತ್ತು. ಸೋತ ಪ್ರಯೋಗಕ್ಕೂ ಅಷ್ಟೇ ಮರ್ಯಾದೆ. 1862ರ ಮಾರ್ಚ್‌ನಲ್ಲಿ, ಜ್ವಾಲೆಯ ಬೆಳಕಿನ ರೋಹಿತದ ಮೇಲೆ ಆಯಸ್ಕಾಂತದ ಪ್ರಭಾವವಿದೆಯೇ ಎಂದು ಹುಡುಕಿ, ಏನೂ ಕಾಣಲಿಲ್ಲವೆಂದು ಬರೆದಿಟ್ಟ. ಈ ಯತ್ನದ ಉಲ್ಲೇಖವನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ ಅವರ ಬರಹದಲ್ಲಿ ಓದಿದ ಡಚ್ ವಿಜ್ಞಾನಿ ಪೀಟರ್ ಜೀಮನ್, ಹೆಚ್ಚು ಸೂಕ್ಷ್ಮ ಉಪಕರಣ ಹಿಡಿದು 1896ರಲ್ಲಿ ಅದನ್ನೇ ಹುಡುಕಿ ಕಂಡರು. 1902ರಲ್ಲಿ ನೊಬೆಲ್ ಬಂತು.

ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮನ್ ಸುಮಾರು ತೊಂಬತ್ತು ಸಾವಿರ ಚೀಟಿಗಳಿಗೆ ಹೀಗೆಯೇ ಸಂಖ್ಯೆ ಹಾಕಿ ಒಂದರಿಂದ ಒಂದಕ್ಕೆ ದಾರಿ ಮಾಡಿಟ್ಟಿದ್ದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಬೆನ್ನಹಿಂದೆಯೂ ಕಾವ್ಯ, ಶಾಸನಗಳಿಂದ ಪದಪ್ರಯೋಗಗಳನ್ನು ಆರಿಸಿ ಕಾರ್ಡುಗಳಿಗೆ ಇಳಿಸಿದ ವಿದ್ವಾಂಸರ ದಶಕಗಳ ದುಡಿಮೆಯಿದೆ. ಶ್ರೀನಿವಾಸ ರಾಮಾನುಜನ್ ಅವರದು ಇದಕ್ಕೆ ತದ್ವಿರುದ್ಧ ದಾರಿ. ಕಾಗದ ದುಬಾರಿಯಾದ್ದರಿಂದ ಲೆಕ್ಕ ಬಿಡಿಸುತ್ತಿದ್ದದ್ದು ಸ್ಲೇಟಿನ ಮೇಲೆ, ಒರೆಸುತ್ತಿದ್ದದ್ದು ಮೊಣಕೈಯಿಂದ. ನೋಟ್‌ಬುಕ್ಕಿಗೆ ಏರಿದ್ದು ಬಹುಮಟ್ಟಿಗೆ ಫಲಿತಾಂಶ ಮಾತ್ರ. ಅವುಗಳ ಸಾಧನೆಯನ್ನು ಒಂದೊಂದಾಗಿ ಕಟ್ಟಿಕೊಟ್ಟ ಬ್ರೂಸ್ ಬರ್ನ್ಟ್ ಅವರ ಐದು ಸಂಪುಟಗಳು 1985ರಿಂದ 1998ರವರೆಗೆ ಹೊರಬಂದವು. ಮಿಕ್ಕವರು ನೋಟ್‌ಬುಕ್ಕಿನಲ್ಲಿ ಉತ್ತರದ ಜೊತೆಗೆ ‘ಯಾಕೆ’ ಎಂಬುದನ್ನೂ ಒಂದು ಸಾಲು ಬರೆದಿಡುವುದು ಕ್ಷೇಮ. ಆರು ತಿಂಗಳ ನಂತರ ಸ್ವಂತ ಬರಹವೇ ಅಪರಿಚಿತರ ಬರಹದಂತೆ ಕಾಣುತ್ತದೆ.

ಕೊನೆಯದಾಗಿ, ಕನ್ನಡದ ಮಕ್ಕಳಿಗೇ ಸಂಬಂಧಿಸಿದ ಒಂದು ಸಂಗತಿ. ಎಸ್ಎಸ್ಎಲ್‌ಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುಸಿ ವಿಜ್ಞಾನಕ್ಕೆ ಸೇರಿದ ಹುಡುಗಿಯ ಮುಂದೆ ಒಮ್ಮೆಲೇ ಇಂಗ್ಲಿಷ್ ಪಾಠ ಬಂದು ನಿಲ್ಲುತ್ತದೆ. ಕೇಳಿದ್ದನ್ನು ತನ್ನ ಮಾತಿನಲ್ಲಿ ಹೇಳು ಎಂದರೆ ಅವಳಲ್ಲಿ ಆ ಭಾಷೆಯ ಮಾತು ಇನ್ನೂ ಸಾಕಷ್ಟಿಲ್ಲ. ಹೀಗಾಗಿ ಕಪ್ಪುಹಲಗೆಯಲ್ಲಿ ಇದ್ದದ್ದನ್ನು ಇದ್ದಂತೆ ಇಳಿಸಿಕೊಂಡು ಉರುಹೊಡೆಯುತ್ತಾಳೆ. ಇಷ್ಟೆಲ್ಲ ಬುದ್ಧಿಯಿದ್ದೂ ತಾನು ದಡ್ಡಿ ಎಂದು ನಂಬುತ್ತಾಳೆ. ಇದು ನೋವಿನ ಸಂಗತಿ, ತಪ್ಪಿಸಬಹುದಾದದ್ದೂ ಹೌದು. ಸ್ವಂತ ಟಿಪ್ಪಣಿಯನ್ನು ಇಂಗ್ಲಿಷಿನಲ್ಲೇ ಬರೆಯಬೇಕೆಂದು ಯಾವ ನಿಯಮವೂ ಇಲ್ಲ. ಆಸ್ಮಾಸಿಸ್ ಎಂಬ ಪದವನ್ನು ಹಾಗೆಯೇ ಇಟ್ಟುಕೊಂಡು ಅವಳು ಹೀಗೆ ಬರೆಯಬಹುದು: ‘ಆಸ್ಮಾಸಿಸ್: ನೀರು ಪೊರೆ ದಾಟಿ, ಉಪ್ಪು ಸಕ್ಕರೆ ಕಡಿಮೆ ಇರುವ ಕಡೆಯಿಂದ ಹೆಚ್ಚಿರುವ ಕಡೆಗೆ ಹೋಗುತ್ತದೆ. ಉಪ್ಪು ಬೆರೆಸಿಟ್ಟ ಮಾವಿನಕಾಯಿ ಹೋಳು ನೀರು ಬಿಡುವುದು ಇದಕ್ಕೇ.’ ಅರ್ಥ ಕೈಗೆ ಬಂದ ಮೇಲೆ, ಎರಡನೆಯ ಸುತ್ತಿನಲ್ಲಿ ಅದೇ ಪುಟದ ಕೆಳಗೆ ಪರೀಕ್ಷೆಗೆ ಬೇಕಾದ ಇಂಗ್ಲಿಷ್ ವಾಕ್ಯವನ್ನು ತಾನೇ ಕಟ್ಟಲಿ. ಅದು ಮೊದಮೊದಲು ತಪ್ಪುತಪ್ಪಾಗಿದ್ದರೂ ಚಿಂತೆಯಿಲ್ಲ.

ಹೀಗೆ ಸ್ವಂತ ಮಾತಿನಲ್ಲಿ ಬರೆಸುವುದರಿಂದ ಮೇಷ್ಟ್ರಿಗೂ ಅನುಕೂಲವಿದೆ. ತರಗತಿಯ ಕೊನೆಯ ಹತ್ತು ನಿಮಿಷ ಪುಸ್ತಕ ಮುಚ್ಚಿಸಿ, ಅಂದಿನ ಪಾಠದಿಂದ ನೆನಪಾದದ್ದನ್ನು ಯಾವ ಭಾಷೆಯಲ್ಲಾದರೂ ಬರೆಯಿರಿ ಎಂದರೆ ಸಾಕು. ಬರೆಸಿದ ನೋಟ್ಸಿನಲ್ಲಿ ಎಲ್ಲರದೂ ಸರಿಯಾಗಿಯೇ ಇರುತ್ತದೆ. ಯಾರಿಗೆ ಏನು ಅರ್ಥವಾಗಿಲ್ಲ ಎಂದು ಅದರಿಂದ ತಿಳಿಯುವುದಿಲ್ಲ. ನೆನಪಿನಿಂದ ಬರೆದ ಹಾಳೆಯಲ್ಲಿ ಒಬ್ಬ, ಉಪ್ಪು ಹೋಳಿನೊಳಗೆ ನುಗ್ಗಿ ನೀರನ್ನು ಹೊರಗೆ ತಳ್ಳುತ್ತದೆ ಎಂದು ಬರೆದಿರುತ್ತಾನೆ. ಇನ್ನೊಬ್ಬಳು ಪೊರೆಯ ಸುದ್ದಿಯನ್ನೇ ಎತ್ತಿರುವುದಿಲ್ಲ. ಮರುದಿನದ ಪಾಠವನ್ನು ಎಲ್ಲಿಂದ ಶುರು ಮಾಡಬೇಕೆಂದು ಆ ಎರಡು ಹಾಳೆ ನೋಡಿದರೆ ಗೊತ್ತಾಗುತ್ತದೆ.